ಅಂಟು ಹಾಕಿದ ಹನ್ನೆರಡು ಪುಟ

ನಮ್ಮ ಓದಿನ ಕೂಟಕ್ಕೆ ವಿಜ್ಞಾನದ ಪುಸ್ತಕ ಆರಿಸಿ ತರುವ ಕೆಲಸ ನನ್ನ ಹೆಗಲಿಗೆ ಬಿದ್ದದ್ದು ನಾನು ವಿಜ್ಞಾನದ ಮೇಷ್ಟರು ಎಂಬ ಒಂದೇ ಕಾರಣಕ್ಕೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳು. ಹಿರಿಯೂರಿನಲ್ಲಿ ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಮೀಸೆ ನೆಟ್ಟಗೆ ಬಂದಿರಲಿಲ್ಲ, ಗತ್ತು ಮಾತ್ರ ಬೇಕಾದಷ್ಟಿತ್ತು. ಯಾರೋ ಸೀನಿದರೆಂದು ಹೊರಟವರು ಒಂದು ಗಳಿಗೆ ನಿಂತರೆ ಸಾಕು, ಹಿಡಿದು ನಿಲ್ಲಿಸಿ ಪಾಠ ಮಾಡುತ್ತಿದ್ದೆ. ಪಾಠ ಮಾಡಬೇಕಾದ ಒಬ್ಬಳಿಗೆ ಮಾತ್ರ ಮಾಡಲಿಲ್ಲ. ಆ ಕಥೆ ಇದು.

ಕೂಟ ಸೇರುತ್ತಿದ್ದದ್ದು ರಿಟೈರಾದ ಹೆಡ್ಮಾಸ್ಟರೊಬ್ಬರ ಮನೆಯ ಪಡಸಾಲೆಯಲ್ಲಿ, ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ. ಹೊಳಲ್ಕೆರೆ ಕಡೆಯವರು. ನಾವೆಲ್ಲ ಅವರನ್ನು ದೊಡ್ಡ ಮೇಷ್ಟ್ರು ಎನ್ನುತ್ತಿದ್ದೆವು. ಗಂಡಸರು ಚಾಪೆಯ ಮೇಲೆ, ಹೆಂಗಸರು ನಡುಮನೆಯ ಬಾಗಿಲ ಆಚೆ. ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೇಳಬೇಕು. ಅಕ್ಷರ ಬಾರದವರೂ ನಾಲ್ಕಾರು ಜನ ಇದ್ದದ್ದರಿಂದ ಈ ಕ್ರಮ. ಓದಿ ಮುಗಿದ ಪುಸ್ತಕ ಸರದಿಯ ಮೇಲೆ ವಾರಕ್ಕೊಂದು ಮನೆಗೆ ಹೋಗಿ ಬರುತ್ತಿತ್ತು.

ಹೀಗೆ ಮನೆ ಮನೆಗೆ ಹೋಗುವ ಪುಸ್ತಕ ಎಂದೇ ದೊಡ್ಡ ಮೇಷ್ಟ್ರು ಒಂದು ಪದ್ಧತಿ ಇಟ್ಟಿದ್ದರು. ನಾನು ಮೊದಲ ಸಲ ಪುಸ್ತಕ ತರಲು ಹೊರಟಾಗ ಕೂರಿಸಿಕೊಂಡು ಹೇಳಿದರು.

"ನೋಡ್ರಿ ಮೇಷ್ಟ್ರೇ, ಹೆಣ್ಮಕ್ಕಳ ಮುಂದೆ ಓದೋಕೆ ಬಾಯಿ ಬರದಂಥ ಪುಟ ಇದ್ರೆ ಅದರ ಅಂಚಿಗೆ ಮೈದಾ ಅಂಟು ಹಾಕಿ ಮುಚ್ಚಿಬಿಡ್ರಿ. ಹರೀಬೇಡ್ರಿ ಮತ್ತೆ. ಇನ್ನೊಂದು ಮಾತು. ಮೊದ್ಲು ಪೂರ್ತಿ ಓದ್ರಿ, ಆಮೇಲೆ ಅಂಟು ಹಾಕ್ರಿ. ಓದದೆ ಮುಚ್ಚೋದು ತಪ್ಪು."

ಆಗಲಿ ಎಂದು ತಲೆ ಆಡಿಸಿದೆ.

ನನ್ನ ಮೊದಲ ಆಯ್ಕೆಯೇ ಮಣ್ಣು ಮುಕ್ಕಿತು. ಗ್ರಹಗಳ ಬಗ್ಗೆ ದಪ್ಪನೆಯ ಪುಸ್ತಕ ತಂದಿದ್ದೆ. ಸಾಲಿಗೆ ನಾಲ್ಕು ಸಂಸ್ಕೃತ ಪದ. ನಾನು ಎದೆ ಉಬ್ಬಿಸಿಕೊಂಡು ಓದುತ್ತಿದ್ದೇನೆ, ಎದುರಿಗೆ ಒಬ್ಬೊಬ್ಬರೇ ಗೋಡೆಗೆ ಒರಗುತ್ತಿದ್ದಾರೆ. ಧರ್ಮಪುರ ರೂಟಿನ ಬಸ್ ಕಂಡಕ್ಟರ್ ಒಬ್ಬರು ನಮ್ಮ ಕೂಟದ ಖಾಯಂ ಗಿರಾಕಿ. ಪ್ರತಿ ಭಾನುವಾರ ಖಾಕಿ ಚೀಲದಲ್ಲಿ ಹುರಿದ ಕಡಲೆಕಾಯಿ ತರುತ್ತಿದ್ದರು. ಅವರು ಸುಲಿಯುವುದನ್ನು ನಿಲ್ಲಿಸಿ, "ಮೇಷ್ಟ್ರೇ, ಬೇಜಾರು ಮಾಡ್ಕಬೇಡ್ರಿ. ಈ ಪುಸ್ತಕ ಬಸ್ಸಾಗಿದ್ರೆ ಜನ ದುರ್ಗ ಮುಟ್ಟೋ ಮುಂಚೆ ಐಮಂಗಲದಾಗೇ ಇಳ್ಕಂಡು ನಡ್ಕಂಡು ಹೋಗ್ತಿದ್ರು" ಅಂದರು. ಬಾಗಿಲ ಆಚೆಯಿಂದ ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಅಕ್ಕ. ಮುಖ ಕೆಂಪಗೆ ಮಾಡಿಕೊಂಡು ಪುಸ್ತಕ ಮುಚ್ಚಿದೆ.

ಆಮೇಲೆ ಬುದ್ಧಿ ಬಂತು. ಚಿತ್ರದುರ್ಗದ ಪುಸ್ತಕದಂಗಡಿಯವರು ಒಳ್ಳೆಯ ಮನುಷ್ಯರು. ಮೂರು ಪುಸ್ತಕ ಕೈಗೆ ಕೊಟ್ಟು, "ಓದಿ ನೋಡ್ರಿ, ಬ್ಯಾಡಾದವು ಸಂಜೆ ಬಸ್ಸಿಗೆ ಮುಂಚೆ ತಂದು ಕೊಡ್ರಿ" ಎನ್ನುತ್ತಿದ್ದರು. ನಾನು ಅವನ್ನು ಚೀಲಕ್ಕೆ ಹಾಕಿಕೊಂಡು ಚಂದ್ರವಳ್ಳಿಗೆ ನಡೆಯುತ್ತಿದ್ದೆ. ಬಂಡೆಯ ನೆರಳಲ್ಲಿ ಕೂತು, ಎದುರಿಗೆ ಆ ಕಂಡಕ್ಟರ್ ಕೂತಿದ್ದಾರೆ ಎಂದುಕೊಂಡು ಗಟ್ಟಿಯಾಗಿ ಓದುವುದು. ಒಂದು ಪುಟದಲ್ಲಿ ಅವರು ಎರಡು ಸಲ "ಅಂದ್ರೆ?" ಎಂದು ಕೇಳುವ ಹಾಗೆ ಅನ್ನಿಸಿದರೆ ಆ ಪುಸ್ತಕ ವಾಪಸ್. ಕುರಿ ಮೇಯಿಸುವವರು ದೂರ ನಿಂತು, ಈ ಹುಡುಗನಿಗೆ ಏನೋ ಆಗಿದೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಹೀಗೆ ಆರಿಸಿ ತಂದ ಕಲ್ಲುಬಂಡೆಗಳ ಪುಸ್ತಕ ಗೆದ್ದಿತು. ದುರ್ಗದ ಬಂಡೆಗಳಿಗೆ ನೂರಾರು ಕೋಟಿ ವರ್ಷ ವಯಸ್ಸಾಗಿದೆ ಎಂದು ತಿಳಿದು ಕಂಡಕ್ಟರ್ ಎರಡು ವಾರ ಬಸ್ಸಿನಲ್ಲಿ ಅದೇ ಮಾತಾಡಿದರಂತೆ. ಜೇನುಹುಳದ ಪುಸ್ತಕವೂ ಗೆದ್ದಿತು. ನನಗೆ ಮತ್ತೆ ಗತ್ತು ಬಂತು.

ಇನ್ನು ಅಕ್ಕನ ವಿಷಯ. ನಮ್ಮೂರು ಹೊಸದುರ್ಗದ ಕಡೆ. ಅಕ್ಕನನ್ನು ಹಿರಿಯೂರಿಗೆ ಕೊಟ್ಟಿದ್ದರು. ಅವಳು ಹೈಸ್ಕೂಲು ಓದಿದವಳು, ತರಗತಿಯಲ್ಲಿ ಪಾಠ ಓದಿಸಬೇಕಾದರೆ ಮೇಷ್ಟರು ಅವಳನ್ನೇ ಎಬ್ಬಿಸುತ್ತಿದ್ದರಂತೆ. ಭಾವ ಎಣ್ಣೆ ಗಿರಣಿಯಲ್ಲಿ ಗುಮಾಸ್ತರು, ಭಾನುವಾರವೂ ಅವರಿಗೆ ಬಿಡುವಿಲ್ಲ. ಹಾಗಾಗಿ ಅಕ್ಕ ತನ್ನ ಅತ್ತೆಯನ್ನು ಜೊತೆಗೆ ಕರೆದುಕೊಂಡು ಕೂಟಕ್ಕೆ ಬರುತ್ತಿದ್ದಳು. ಆ ಅತ್ತೆಗೆ ಅಕ್ಷರ ಬಾರದು, ಆದರೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಕಲ್ಲಿನ ಪುಸ್ತಕದ ಅರ್ಧವನ್ನು ಅವರು ಮಾರನೆಯ ದಿನ ಬೀದಿಯ ನಲ್ಲಿಯ ಹತ್ತಿರ ಹೇಳಿ ಮುಗಿಸಿದ್ದರು.

ಅಕ್ಕನಿಗೆ ಒಬ್ಬಳು ಮಗಳು. ಆಗ ಮೂರು ತುಂಬಿತ್ತು. ಹುಟ್ಟುವಾಗ ಮಗುವಿನ ಮೇಲ್ದುಟಿ ಸೀಳಿತ್ತು. ಒಂದು ವರ್ಷವಾದ ಮೇಲೆ ದೊಡ್ಡಾಸ್ಪತ್ರೆಯಲ್ಲಿ ಹೊಲಿಸಿದರು. ಮೂಗಿನಿಂದ ತುಟಿಯವರೆಗೆ ಒಂದು ಗೆರೆ ಉಳಿಯಿತು, ಅಷ್ಟೆ. ನಕ್ಕರೆ ಆ ಗೆರೆ ಸ್ವಲ್ಪ ಸೊಟ್ಟಗಾಗುತ್ತಿತ್ತು, ನನಗಂತೂ ಅದು ಮುದ್ದಾಗಿಯೇ ಕಾಣುತ್ತಿತ್ತು.

ಆ ತುಟಿಗೆ ಮನೆಯವರೆಲ್ಲ ಒಪ್ಪಿಕೊಂಡ ಕಾರಣ ಒಂದಿತ್ತು. ಅಕ್ಕ ಬಸುರಿಯಾಗಿದ್ದಾಗ ಚೈತ್ರದ ಅಮಾವಾಸ್ಯೆಗೆ ಸೂರ್ಯಗ್ರಹಣ ಬಂತು. ಮಧ್ಯಾಹ್ನದ ಗ್ರಹಣ. ಅತ್ತೆ ನೀರಿನ ಕೊಡಗಳ ಮೇಲೆ ಗರಿಕೆ ಇಟ್ಟು, ಕಿಟಕಿ ಬಾಗಿಲು ಹಾಕಿ, ಸೊಸೆಯನ್ನು ಒಳಕೋಣೆಯಲ್ಲಿ ಮಲಗಿಸಿದ್ದರು. ಬಸುರಿ ಗ್ರಹಣದಲ್ಲಿ ಏನನ್ನೂ ಕೊಯ್ಯಬಾರದು, ಕೊಯ್ದರೆ ಹೊಟ್ಟೆಯೊಳಗಿನ ಮಗುವಿಗೆ ಆ ಗಾಯ ಬೀಳುತ್ತದೆ ಎಂಬ ನಂಬಿಕೆ. ಅಂಥ ಹೊತ್ತಿನಲ್ಲಿ ದುರ್ಗದ ಕಾಲೇಜಿನಿಂದ ಬಂದು ಬಾಗಿಲು ಬಡಿದವನು ನಾನು. ಬಿಸಿಲಲ್ಲಿ ಬೆಂದು ಹೋಗಿದ್ದೆ. ಅತ್ತೆ ಹಿತ್ತಲಿನ ಬಚ್ಚಲಲ್ಲಿ ಗ್ರಹಣದ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. "ಅಕ್ಕಾ, ಪ್ರಾಣ ಹೋಗ್ತೈತೆ, ತಿನ್ನೋಕೆ ಏನಾದ್ರೂ ಕೊಡು. ಗ್ರಹಣಗಿಹಣ ಎಲ್ಲಾ ಸುಳ್ಳು" ಅಂದೆ. ಅವಳು ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆಮೇಲೆ ಈಳಿಗೆ ಮಣೆ ಎಳೆದುಕೊಂಡು ಎರಡು ಎಳೆ ಸೌತೆಕಾಯಿಯ ಸಿಪ್ಪೆ ತೆಗೆದು ಹೆಚ್ಚಿ, ಉಪ್ಪು ಖಾರ ಸವರಿ ಕೊಟ್ಟಳು. ನಾನು ಹೋಳುಗಳನ್ನು ಕೈಯಲ್ಲಿ ಹಿಡಿದು, ಮಸಿ ಹಿಡಿಸಿದ ಗಾಜಿನ ಚೂರಿನಲ್ಲಿ ಸೂರ್ಯನನ್ನು ನೋಡಲು ಬೀದಿಗೆ ಓಡಿದೆ.

ಮಗು ಹುಟ್ಟಿದಾಗ ಅತ್ತೆಗೆ ಈಳಿಗೆ ಮಣೆಯ ಮೇಲೆ ಅಂದು ಕಂಡ ಸಿಪ್ಪೆ ನೆನಪಾಯಿತು.

ಅತ್ತೆ ಕೆಟ್ಟವರೆಂದು ಯಾರೂ ತಿಳಿಯಬಾರದು. ಆ ಮಗುವಿಗೆ ಮೊಲೆ ಚೀಪಲು ಆಗುತ್ತಿರಲಿಲ್ಲ. ತಿಂಗಳುಗಟ್ಟಲೆ ತೊಡೆಯ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಹಾಲು ಕುಡಿಸಿ ಬದುಕಿಸಿದವರು ಅವರು. ಬೈಯುತ್ತಲೂ ಇರಲಿಲ್ಲ. ಮನೆಗೆ ಬಂದವರು ಮಗುವಿನ ಮುಖ ನೋಡಿದರೆ, "ಏನ್ ಮಾಡೋದವ್ವಾ, ಗ್ರಹಣದಾಗೆ ಕೊಯ್ದುಬಿಟ್ಟಳು, ಹುಡುಗು ಬುದ್ಧಿ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಅಕ್ಕ ಎದುರು ಮಾತಾಡುತ್ತಿರಲಿಲ್ಲ. ಅವಳು ಮಾಡಿದ್ದು ಒಂದೇ. ಈಳಿಗೆ ಮಣೆ ಮುಟ್ಟುವುದನ್ನು ಬಿಟ್ಟುಬಿಟ್ಟಳು. ಹೆಚ್ಚುವ ಕೆಲಸವೆಲ್ಲ ಅತ್ತೆಯದು. ಅತ್ತೆ ಊರಲ್ಲಿ ಇಲ್ಲದ ದಿನ ಆ ಮನೆಯಲ್ಲಿ ಬರೀ ಬೇಳೆಸಾರು, ಇಲ್ಲವೇ ಕೈಯಲ್ಲಿ ಮುರಿದು ಹಾಕಿದ ಹುರುಳಿಕಾಯಿ.

ಒಂದು ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಒಳಗೆ ಅಕ್ಕ ಮಗುವಿಗೆ ತಲೆ ಬಾಚುತ್ತಿದ್ದಳು. ಮಗುವಿನ ಕೈಯಲ್ಲಿ ಕನ್ನಡಿ ಇತ್ತು.

"ಅವ್ವಾ, ಇಲ್ಲಿ ಗೆರೆ ಯಾಕೈತೆ?"

"ನಾನೇ ಕೊಯ್ದೆ ಮಗಾ. ಗೊತ್ತಿಲ್ದೆ ಕೊಯ್ದೆ."

ಮಗು ಕನ್ನಡಿ ನೋಡಿಕೊಂಡು ಗೆರೆಯನ್ನು ಬೆರಳಿಂದ ಸವರಿತು. ಆಮೇಲೆ, "ಇನ್ನೊಂದ್ ಸಲ ಕೊಯ್ಬೇಡ, ಆಯ್ತಾ?" ಅಂತು.

ಆಗ ಒಳಗೆ ಹೋಗಬೇಕಿತ್ತು ನಾನು. ಹೋಗಿ, "ಏನೇ ಹುಚ್ಚಿ, ಮಗೂಗೆ ಇದೇನು ಹೇಳ್ತಿದ್ದೀಯ" ಎನ್ನಬೇಕಿತ್ತು. ಓದಿದವಳು, ಇದೆಲ್ಲ ಸುಳ್ಳು ಎಂದು ಒಳಗೊಳಗೆ ಅವಳಿಗೆ ಗೊತ್ತಿರುತ್ತದೆ ಎಂದುಕೊಂಡು ಕಾಫಿ ಲೋಟ ತೊಳೆದಿಟ್ಟು ಮನೆಗೆ ನಡೆದೆ. ನನ್ನ ವಿಜ್ಞಾನ ಎಲ್ಲ ಬೀದಿಯಲ್ಲಿ ಸೀನಿಗೆ ಹೆದರಿ ನಿಂತವರಿಗೆ ಮೀಸಲು.

ಅದಾದ ಮುಂದಿನ ವಾರ ನಾನು ದುರ್ಗಕ್ಕೆ ಹೊರಟಾಗ ಅಕ್ಕ ಬಸ್ ಸ್ಟ್ಯಾಂಡಿನ ತನಕ ಬಂದಳು. ಎಂದೂ ಬಂದವಳಲ್ಲ.

"ಲೇ, ಮನುಷ್ಯರ ಮೈ ಹೆಂಗೆ ಆಗ್ತೈತೆ ಅಂತ ಪುಸ್ತಕ ಇರ್ತೈತೇನೋ?"

"ಇರ್ತೈತೆ ಬಿಡಕ್ಕ. ಎದೆ, ಹೊಟ್ಟೆ, ರಕ್ತ ಎಲ್ಲಾ ಬರೆದಿರ್ತಾರೆ."

"ಅದಲ್ವೋ..." ಅಂದವಳು ಮುಂದೆ ಹೇಳಲಿಲ್ಲ. "ಆಯ್ತು, ಚೆನ್ನಾಗಿರೋದು ನೋಡ್ಕಂಡು ತಾರಪ್ಪ" ಅಂದಳು. ಬಸ್ಸು ಹೊರಟಿತು.

ಆ ದಿನ ಚಂದ್ರವಳ್ಳಿಯಲ್ಲಿ ಓದಿದ ಮೂರರಲ್ಲಿ ಶರೀರದ ಪುಸ್ತಕ ಒಂದು ಅದ್ಭುತವಾಗಿತ್ತು. ಹೃದಯದ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ಕಂಡಕ್ಟರ್ ಒಂದು ಸಲವೂ "ಅಂದ್ರೆ?" ಎನ್ನುವ ಹಾಗಿರಲಿಲ್ಲ. ಇದೇ ಪುಸ್ತಕ ಎಂದು ಕುಣಿಯುವಷ್ಟು ಖುಷಿಯಾಯಿತು. ಕೊನೆಯ ಅಧ್ಯಾಯ ತೆಗೆದೆ ನೋಡಿ, ಹುಟ್ಟುವ ಮುಂಚಿನ ಮಗುವಿನ ವಿಚಾರ. ಮೊದಲ ಪುಟದಲ್ಲೇ ತಾಯಿಯ ಗರ್ಭದ ಚಿತ್ರ. ನನ್ನ ಕಿವಿ ಬಿಸಿಯಾಯಿತು. ಸುತ್ತಮುತ್ತ ಕುರಿ ಕಾಯುವವರೂ ಇಲ್ಲ, ಆದರೂ ಪುಸ್ತಕವನ್ನು ಪಟ್ಟನೆ ಮುಚ್ಚಿದೆ. ಇದನ್ನು ನಾನು ಓದಬೇಕೇ? ಬಾಗಿಲ ಆಚೆ ಅಕ್ಕ ಕೂತಿರುತ್ತಾಳೆ, ಅವಳ ಅತ್ತೆ ಕೂತಿರುತ್ತಾರೆ! ಹನ್ನೆರಡು ಪುಟ. ಅದರಲ್ಲಿ ಒಂದು ಸಾಲನ್ನೂ ನಾನು ಓದಲಿಲ್ಲ. ರೂಮಿಗೆ ಬಂದವನೇ ಸ್ಟವ್ ಹಚ್ಚಿ ಮೈದಾ ಕಲಸಿ ಕಾಯಿಸಿ, ಹನ್ನೆರಡು ಪುಟಕ್ಕೂ ಅಂಚು ಬಿಡದಂತೆ ಅಂಟು ಬಳಿದು, ಮೇಲೆ ಒಂದು ಕಲ್ಲು ಹೇರಿಟ್ಟು ನೆಮ್ಮದಿಯಾಗಿ ಮಲಗಿದೆ.

ಪುಸ್ತಕ ಕೂಟದಲ್ಲಿ ಭರ್ಜರಿಯಾಗಿ ನಡೆಯಿತು. ಹೊಟ್ಟೆಯೊಳಗೆ ಕರುಳು ಎಷ್ಟು ಉದ್ದ ಎಂದು ಕೇಳಿ ಕಂಡಕ್ಟರ್ ತಮ್ಮ ಹೊಟ್ಟೆಯನ್ನೇ ನೋಡಿಕೊಂಡರು. ಕೊನೆಯ ಭಾನುವಾರ ನಾನು, "ಇಲ್ಲಿಗೆ ಮುಗಿಯಿತು" ಎಂದು ಪುಸ್ತಕ ಮುಚ್ಚಿದಾಗ ಬಾಗಿಲ ಆಚೆಯಿಂದ ಅಕ್ಕನ ದನಿ ಬಂತು. "ಇಷ್ಟೇನಾ?"

"ಇಷ್ಟೇ ಅಕ್ಕ."

ಮೊದಲ ಸರದಿ ಅವಳ ಮನೆಯದೇ ಆಗಿತ್ತು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಮುಂದಿನ ಭಾನುವಾರ ಅವಳು ವಾಪಸ್ ತಂದ ಪುಸ್ತಕವನ್ನು ದೊಡ್ಡ ಮೇಷ್ಟ್ರು ಪದ್ಧತಿಯಂತೆ ಹಾಳೆ ತಿರುವಿ ನೋಡಿದರು. ಕೊನೆಗೆ ಬಂದು ನಿಂತರು. ಹನ್ನೆರಡೂ ಪುಟ ಬಿಚ್ಚಿಕೊಂಡಿದ್ದವು. ಒಂದೂ ಹರಿದಿರಲಿಲ್ಲ, ಅಂಚುಗಳು ಮಾತ್ರ ನೆನೆದು ಒಣಗಿ ಸುಕ್ಕಾಗಿದ್ದವು. ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡಿದರು.

"ಇದನ್ನ ಬಿಚ್ಚಿದವರು ಯಾರು?"

ಪಡಸಾಲೆಯಲ್ಲಿ ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು.

"ನಾನೇ ಮೇಷ್ಟ್ರೇ" ಅಂದಳು ಅಕ್ಕ. ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. "ಮುದ್ದೆ ಎಸರಿನ ಹಬೆಗೆ ಹಿಡಿದು ಬಿಚ್ಚಿದೆ. ತಪ್ಪಾಗಿದ್ರೆ ಬೈಯ್ರಿ. ಆದ್ರೆ ಅದರಾಗಿನ ಒಂದು ಪುಟ ಇಲ್ಲಿ ಓದಬೇಕು ನಾನು. ಓದ್ಲಾ?"

ನಮ್ಮ ಕೂಟದಲ್ಲಿ ಅದುವರೆಗೆ ಹೆಂಗಸರು ಯಾರೂ ಎದ್ದು ನಿಂತು ಓದಿರಲಿಲ್ಲ. ದೊಡ್ಡ ಮೇಷ್ಟ್ರು ಆ ಪುಟದ ಮೇಲೆ ಒಂದು ಸಲ ಕಣ್ಣಾಡಿಸಿದರು. ತಲೆ ಎತ್ತಿ ಬಾಗಿಲ ಆಚೆ ಆಡುತ್ತಿದ್ದ ಮಗುವನ್ನು ನೋಡಿದರು. ಆಮೇಲೆ ತಾವೇ ಎದ್ದು ಹೋಗಿ ಪುಸ್ತಕವನ್ನು ಅವಳ ಕೈಗೆ ಕೊಟ್ಟು, "ಓದಮ್ಮಾ, ಗಟ್ಟಿಯಾಗಿ ಓದು" ಅಂದರು.

ಅಕ್ಕ ಓದಿದಳು. ದನಿ ನಡುಗಲಿಲ್ಲ. ಹೊಟ್ಟೆಯೊಳಗೆ ಮಗುವಿನ ಮುಖ ಒಂದೇ ಸಲಕ್ಕೆ ಆಗುವುದಿಲ್ಲ, ಬೇರೆ ಬೇರೆ ಭಾಗಗಳಾಗಿ ಶುರುವಾಗಿ ಒಂದಕ್ಕೊಂದು ಬಂದು ಕೂಡಿಕೊಳ್ಳುತ್ತವೆ ಎಂದು ಅಲ್ಲಿ ಬರೆದಿತ್ತು. ಬಸುರಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಮೇಲ್ದುಟಿ ಕೂಡಿಕೊಂಡಿರುತ್ತದೆ, ಕೆಲವು ಮಕ್ಕಳಲ್ಲಿ ಅದು ಕೂಡುವುದಿಲ್ಲ, ಯಾಕೆ ಎಂಬುದು ಇನ್ನೂ ಪೂರ್ತಿ ತಿಳಿದಿಲ್ಲ ಎಂದೂ ಬರೆದಿತ್ತು. ಅಷ್ಟು ಓದಿ ಅವಳು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಲೆಕ್ಕ ಹಾಕ್ರಿ ನೀವೇ. ಮಗು ಹುಟ್ಟಿದ್ದು ಆಷಾಢದಾಗೆ. ನನಗೆ ಎರಡು ತಿಂಗಳು ತುಂಬಿದ್ದು ಯಾವಾಗ?"

ಅತ್ತೆ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಹಿಂದೆ ಹಿಂದೆ ಓಡಿಸಿದರು. ಹೆರಿಗೆಯ ಲೆಕ್ಕದಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ.

"ದೀಪಾವಳಿ ಕಳೀತು... ಕಾರ್ತೀಕ ಮುಗಿಯೋ ಹೊತ್ತಿಗೆ ಎರಡು."

"ಗ್ರಹಣ?"

"ಚೈತ್ರದ ಅಮಾಸೆ." ಅತ್ತೆಯ ಹೆಬ್ಬೆರಳು ಮತ್ತೆ ಗೆಣ್ಣುಗಳ ಮೇಲೆ ನಡೆಯಿತು. ಮಾರ್ಗಶಿರ, ಪುಷ್ಯ, ಮಾಘ, ಫಾಲ್ಗುಣ, ಚೈತ್ರ. ಐದನೆಯ ಗೆಣ್ಣಿನ ಮೇಲೆ ನಿಂತಿತು. "ಆವಾಗ ನಿನಗೆ ಏಳು."

"ತುಟಿ ಆಗೋದು ಎರಡರಾಗೆ ಮುಗಿದು ಹೋಗಿತ್ತು ಅತ್ತೆ."

ಅತ್ತೆ ಗೆಣ್ಣುಗಳನ್ನು ಮೊದಲಿನಿಂದ ಇನ್ನೊಂದು ಸಲ ಎಣಿಸಿದರು. "ಅವತ್ತು ನಿನಗೆ ಬಾಯಾರಿಕೆ ಆಗಿ ಕೊಯ್ಕಂಡು ತಿಂದ್ಯಲ್ಲ ಸೌತೆಕಾಯಿ, ಅದಕ್ಕೂ ಇದಕ್ಕೂ ಏನೂ ಇಲ್ವಾ?"

ನಾನು ಬೆಚ್ಚಿದೆ. ತಿಂದವನು ನಾನು! ಮೂರು ವರ್ಷದಿಂದ ಈ ಅತ್ತೆ ಒಂದು ಸಲವೂ ನನ್ನನ್ನು ಅಂದಿರಲಿಲ್ಲ, ಯಾಕೆ ಎಂದು ನಾನು ಯೋಚಿಸಿಯೂ ಇರಲಿಲ್ಲ. ಬಾಯಿ ತೆರೆದೆ. ಅಕ್ಕ ಬಾಗಿಲಿಂದಲೇ ಕಣ್ಣು ಬಿಟ್ಟಳು, ಸುಮ್ಮನಾದೆ.

"ಏನೂ ಇಲ್ಲ ಅತ್ತೆ."

"ಹಂಗಾರೆ ಕೊಯ್ದಿದ್ದು ಯಾರು?"

"ಯಾರೂ ಕೊಯ್ದಿಲ್ಲ. ಕೂಡ್ಕಬೇಕಾದ್ದು ಕೂಡ್ಕಳ್ಲಿಲ್ಲ, ಅಷ್ಟೇ."

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಳುತ್ತಲೇ, "ಎಷ್ಟು ಜನಕ್ಕೆ ಹೇಳಿದ್ನಲ್ಲವ್ವಾ ನಾನು. ಈಗ ಅವರಿಗೆಲ್ಲ ಹೆಂಗೆ ಹೇಳ್ಲಿ" ಅಂದರು. ಅಕ್ಕ ಹೋಗಿ ಅವರ ಪಕ್ಕ ಕೂತಳು. ಕಂಡಕ್ಟರ್ ಕಡಲೆಕಾಯಿ ಚೀಲವನ್ನು ಒಳಕ್ಕೆ ತಳ್ಳಿದರು. ದೊಡ್ಡ ಮೇಷ್ಟ್ರು ನನ್ನ ಕಡೆ ಒಂದು ಸಲ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. "ಪುಸ್ತಕ ಮುಂದಿನ ಮನೆಗೆ ಹಿಂಗೇ ಹೋಗ್ಲಿ. ಮತ್ತೆ ಅಂಟು ಹಾಕೋದು ಬ್ಯಾಡ" ಎಂದಷ್ಟೇ ಹೇಳಿದರು.

ಸಂಜೆ ಕಾಲೆಳೆದುಕೊಂಡು ಅಕ್ಕನ ಮನೆಗೆ ಹೋದೆ. ಅತ್ತೆ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ತಡೆಯಲಾಗಲಿಲ್ಲ, ನಿಂತ ಹಾಗೇ ಹೇಳಿಬಿಟ್ಟೆ. "ಅಮ್ಮ, ಆ ಸೌತೆಕಾಯಿ ತಿಂದಿದ್ದು ಅಕ್ಕ ಅಲ್ಲ, ನಾನು. ನಾನು ಕೇಳಿದ್ದಕ್ಕೆ ಕೊಯ್ದು ಕೊಟ್ಟಳು."

ಅವರು ನನ್ನ ಮುಖವನ್ನು ದಿಟ್ಟಿಸಿ ನೋಡಿದರು. "ಈಗ ಯಾರು ತಿಂದ್ರೇನಪ್ಪಾ" ಅಂದರು ಕೊನೆಗೆ. "ಒಳಗೆ ಹೋಗು, ನಿಮ್ಮಕ್ಕ ಅವಳೆ."

ಅಕ್ಕ ಅಡುಗೆಮನೆಯಲ್ಲಿ ಈಳಿಗೆ ಮಣೆಯ ಮೇಲೆ ಕೂತಿದ್ದಳು. ಮೂರು ವರ್ಷದ ಮೇಲೆ ಅವಳನ್ನು ಹಾಗೆ ನೋಡುತ್ತಿದ್ದೆ. ಹೋಳು ಸ್ವಲ್ಪ ದಪ್ಪ ಬೀಳುತ್ತಿದ್ದವು, ಅಭ್ಯಾಸ ತಪ್ಪಿತ್ತು. ಉಪ್ಪು ಖಾರ ಸವರಿ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ಸೌತೆಕಾಯಿ.

"ತಿನ್ನೋ. ಮೂರು ವರ್ಷದಿಂದ ನಿನ್ನ ಮುಂದೆ ಇದನ್ನ ಇಟ್ಟಿಲ್ಲ ನಾನು. ನೋಡಿದ್ರೆ ನಿನಗೆ ನೆನಪಾಗಿ ಸಂಕಟ ಆಗ್ತೈತೆ ಅಂತ. ನನ್ನಿಂದ್ಲೇ ಹಿಂಗಾಯ್ತು ಅಂತ ನೀನು ಒಳಗೇ ಕೊರಗ್ತಿದ್ದೀಯೇನೋ ಅಂತ. ಇವತ್ತು ಎಲ್ಲರ ಮುಂದೆ ಓದಿದ್ದು ನಿನಗೂ ಕೇಳ್ಲಿ ಅಂತಾನೇ ಕಣೋ."

ನಾನು ಒಂದು ದಿನವೂ ಕೊರಗಿರಲಿಲ್ಲ. ಹಾಯಾಗಿ ಉಂಡು ತಿಂದು, ಊರಿಗೆಲ್ಲ ಪುಸ್ತಕ ಆರಿಸಿ ತಂದುಕೊಂಡು ಇದ್ದೆ. ಅವಳು ತನ್ನ ಪಾಲಿನ ದುಃಖದ ಜೊತೆಗೆ ನನಗಿಲ್ಲದ ದುಃಖವನ್ನೂ ಹೊತ್ತುಕೊಂಡಿದ್ದಳು. ಅತ್ತೆ, ಮಗು ಕೇಳಿಸಿಕೊಳ್ಳುತ್ತಾರೆ ಎಂಬುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ಅಕ್ಕಾ, ಆ ಪುಟಗಳನ್ನ ನಾನು ಓದಿರ್ಲಿಲ್ಲ. ಓದದೇನೇ ಅಂಟು ಹಾಕಿದೆ."

"ಗೊತ್ತು ಕಣೋ" ಅಂದಳು, ಇನ್ನೊಂದು ಸೌತೆಕಾಯಿಯನ್ನು ಈಳಿಗೆಗೆ ಹಿಡಿಯುತ್ತ. "ಓದಿದ್ದಿದ್ರೆ ನನ್ನ ತಮ್ಮ ಅಂಟು ಹಾಕ್ತಿದ್ನೇನು?"